ಸಂಪಂಗಿ ಕೆರೆ ಹೋಗಿದ್ದು ಯಾಕೆ?

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಆ ಜಾಗದಲ್ಲಿ ಮೊದಲು ಒಂದು ಕೆರೆ ಇತ್ತು. ಅದೇ ಸಂಪಂಗಿ ಕೆರೆ. ಪಕ್ಕದ ಸಂಪಂಗಿರಾಮನಗರದಲ್ಲಿ ಆ ಹೆಸರು ಈಗಲೂ ಉಳಿದಿದೆ. ಆ ಕೆರೆ ಬರಗಾಲದಿಂದ ಹೋಗಲಿಲ್ಲ. ಮಳೆ ಕಡಿಮೆ ಇರುವ ನಮ್ಮ ಕಡೆಯವರು ಅದು ಹೋದ ಕಾರಣವನ್ನು ತಿಳಿಯಬೇಕು.

ಕೆರೆ ಎಂದರೇನು?

ನಮ್ಮ ಮನೆಗಳಲ್ಲಿ ತಾಲಾಬ್ ಎನ್ನುವುದನ್ನೇ ಕನ್ನಡದಲ್ಲಿ ಕೆರೆ ಎನ್ನುತ್ತಾರೆ. ಬಯಲುಸೀಮೆಯ ಹೆಚ್ಚಿನ ಕೆರೆಗಳು ಜನರೇ ಕಟ್ಟಿದವು. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ, ಹೊಲಕ್ಕೆ ನೀರು ಬಿಡಲು ತೂಬು, ಹೆಚ್ಚಾದ ನೀರು ಹೋಗಲು ಕೋಡಿ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಸೇರುತ್ತದೆ.

ನೀರು ನಿಂತರೆ ಜೀವಗಳು ಬರುತ್ತವೆ. ಅಂಚಿನಲ್ಲಿ ಜೊಂಡು ಬೆಳೆಯುತ್ತದೆ, ಅಲ್ಲಿ ಮೀನು ಮರಿ ಮಾಡುತ್ತದೆ, ಮೀನಿಗಾಗಿ ಕೊಕ್ಕರೆ, ನೀರುಕಾಗೆ ಬರುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಕಡೆ ದನಕ್ಕೆ ಹುಲ್ಲು. ತಳದ ಹೂಳು ಹೊಲಕ್ಕೆ ಗೊಬ್ಬರ.

ಸಂಪಂಗಿ ಕೆರೆಯ ಕಥೆ

ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ಮಾಡಿಕೊಂಡರು. ಹಳೆಯ ಪೇಟೆಗೂ ದಂಡಿಗೂ ನಡುವೆ ಸಂಪಂಗಿ ಕೆರೆ ಇತ್ತು. ಜನ ಅದರ ನೀರು ಬಳಸುತ್ತಿದ್ದರು. ತೋಟಗಾರರು ತರಕಾರಿ ಬೆಳೆಯುತ್ತಿದ್ದರು, ಇಟ್ಟಿಗೆ ಮಾಡುವವರು ಮಣ್ಣು ತೆಗೆಯುತ್ತಿದ್ದರು.

1896ರ ಹೊತ್ತಿಗೆ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಊರಿಗೆ ಕುಡಿಯಲು ಈ ಕೆರೆ ಬೇಕಾಗಲಿಲ್ಲ. ತೋಟಗಾರರಿಗೆ ನೀರು ಬೇಕಿತ್ತು, ಪೋಲೋ ಆಡುವವರಿಗೆ ಒಣ ನೆಲ ಬೇಕಿತ್ತು. ಅಧಿಕಾರ ಇದ್ದವರ ಮಾತು ನಡೆಯಿತು. 1937ರ ಹೊತ್ತಿಗೆ ಕೆರೆ ಹೋಗಿ ಒಂದು ಸಣ್ಣ ಕುಂಟೆ ಉಳಿದಿತ್ತು. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಅಲ್ಲಿ ಕ್ರೀಡಾಂಗಣ ಸಿದ್ಧವಾಗಿತ್ತು.

ಆದರೂ ಸಂಬಂಧ ಪೂರ್ತಿ ಹರಿದಿಲ್ಲ. ಬೆಂಗಳೂರು ಕರಗದ ಆಚರಣೆ ಉಳಿದ ಆ ನೀರಿನ ಬಳಿ ಇಂದಿಗೂ ನಡೆಯುತ್ತದೆ. ಅದೇ ಕರಗ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ.

ವಾಣಿಜ್ಯ ವಿದ್ಯಾರ್ಥಿಯ ಲೆಕ್ಕ

ಲೆಕ್ಕಶಾಸ್ತ್ರದಲ್ಲಿ ಯಂತ್ರಕ್ಕೆ ಪ್ರತಿ ವರ್ಷ ಸವಕಳಿ ಬರೆಯುತ್ತೇವೆ. ಕೆರೆಯ ಸವಕಳಿ ಎಂದರೆ ಹೂಳು. ತೆಗೆಯದಿದ್ದರೆ ನೀರು ಹಿಡಿಯುವ ಜಾಗ ಕಡಿಮೆಯಾಗುತ್ತದೆ. ಆದರೆ ಸಂಪಂಗಿ ಕೆರೆಗೆ ಆದದ್ದು ಬೇರೆ. ಅದನ್ನು ಆಸ್ತಿಯ ಪಟ್ಟಿಯಿಂದಲೇ ತೆಗೆದು ಖಾಲಿ ನಿವೇಶನ ಎಂದು ಎಣಿಸಿದರು. ನೀರು ಇಂಗಿಸುವುದು, ಮಳೆನೀರನ್ನು ತಡೆದು ನಿಲ್ಲಿಸುವುದು, ತರಕಾರಿಯವರ ಸಂಪಾದನೆ, ಇವು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬರೆಯದ ಆದಾಯ ನಷ್ಟವಾದಾಗ ಯಾರಿಗೂ ಕಾಣುವುದಿಲ್ಲ.

ನಮ್ಮ ಊರಿಗೆ ಬಂದರೆ

ಉಚ್ಚಂಗಿದುರ್ಗದ ಕೋಟೆ ಕಟ್ಟಿದವರು ಗುಡ್ಡದ ಮೇಲೆಯೇ ಮಳೆನೀರು ಹೊಂಡಗಳಲ್ಲಿ ನಿಲ್ಲುವಂತೆ ನೋಡಿಕೊಂಡಿದ್ದರು. ಈಗ ನಮಗೆ ನಲ್ಲಿ ಇದೆ, ಬೋರ್‌ವೆಲ್ ಇದೆ. ಆದ್ದರಿಂದ ಹೊಂಡ, ಕೆರೆ ಬೇಡ ಅನಿಸಬಹುದು. ಆದರೆ ಬೋರ್‌ವೆಲ್‌ಗೆ ನೀರು ಬರುವುದು ನೆಲದೊಳಗೆ ಇಂಗಿದ ಮಳೆಯಿಂದಲೇ. ಹತ್ತಿರದ ಕೆರೆ ತುಂಬಿದ ವರ್ಷ ಬಾವಿಯ ನೀರು ಮೇಲೆ ಬರುವುದನ್ನು ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ.

ಆದ್ದರಿಂದ ಓದುಗರು ತಮ್ಮ ಊರಿನ ಕೆರೆಗೆ ಹೋಗಿ ನಾಲ್ಕು ವಿಷಯ ಬರೆದುಕೊಳ್ಳಿ: ನೀರು ಎಲ್ಲಿಂದ ಬರುತ್ತದೆ? ಆ ದಾರಿ ತೆರೆದಿದೆಯೇ? ಕೋಡಿ ಎಲ್ಲಿದೆ? ಇಂದು ಯಾರು ಯಾರಿಗೆ ಆ ಕೆರೆ ಬೇಕು? ನಾಲ್ಕನೆಯ ಪಟ್ಟಿ ಉದ್ದವಿರುವವರೆಗೆ ಆ ಕೆರೆಯನ್ನು ಯಾರೂ ಸುಲಭವಾಗಿ ಖಾಲಿ ಜಾಗ ಎನ್ನಲಾರರು.