ಬೆಳಕಿನ ತಂತಿ ಮತ್ತು ಮನೆಯ ಲೆಕ್ಕ

ಜೋಳ ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ಬಟ್ಟೆ ಕೊಳ್ಳುವವನು ನೂಲನ್ನು ಬೆರಳಿನಿಂದ ಪರೀಕ್ಷಿಸುತ್ತಾನೆ. ಕಣ್ಣಿಗೆ ಕಾಣದ ವಸ್ತುವನ್ನು ಕೊಳ್ಳುವಾಗ ಈ ಪರೀಕ್ಷೆಗೆ ಆಸ್ಪದವಿಲ್ಲ. ಫೈಬರ್ ತಂತಿಯ ಮೂಲಕ ಮನೆಗೆ ಬರುವ ಅಂತರ್ಜಾಲವು ಅಂಥದೊಂದು ವಸ್ತು. ಅದನ್ನು ತೂಗಿ ನೋಡಲು ತಕ್ಕಡಿ ಸಾಲದು, ಗಣಿತ ಬೇಕು.

2020ರಲ್ಲಿ ಶಾಲೆಗಳು ಮುಚ್ಚಿದಂದಿನಿಂದ ಈ ತಂತಿಯು ವಿಲಾಸದ ವಸ್ತುವಾಗಿ ಉಳಿದಿಲ್ಲ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ದೀಕ್ಷಾ ವೇದಿಕೆಯಲ್ಲಿ ಕನ್ನಡ ಪಾಠಗಳುಂಟು. ಕನ್ನಡ ಪುಸ್ತಕದಂಗಡಿ ವಿರಳವಾದ ನಮ್ಮ ಗಡಿಭಾಗದ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಲೆಕ್ಕ ತಪ್ಪಿ ಕೊಂಡ ಸಂಪರ್ಕವು ನಾಲ್ಕು ತಿಂಗಳಲ್ಲಿ ಹಣ ಕಟ್ಟಲಾಗದೆ ನಿಂತುಹೋದರೆ, ನಷ್ಟವು ಪಾಲಕರ ಹಣಕ್ಕೂ ಮಕ್ಕಳ ಅಭ್ಯಾಸಕ್ಕೂ ಆಗುತ್ತದೆ. ಆದ್ದರಿಂದ ಈ ವಿಷಯವನ್ನು ಪಾಠದಂತೆಯೇ ಕ್ರಮವಾಗಿ ವಿಚಾರಿಸೋಣ.

1. ತಂತಿಯೊಳಗೆ ಏನಿದೆ?

ಈ ತಂತಿಯ ಒಳಗಿರುವುದು ತಾಮ್ರವಲ್ಲ, ಗಾಜು. ಹೊದಿಕೆಯನ್ನು ಬಿಟ್ಟರೆ ಗಾಜಿನ ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ ಮಾತ್ರ. ಒಳಗಾಜಿನಿಂದ ಹೊರಗಾಜಿಗೆ ಓರೆಯಾಗಿ ತಾಗಿದ ಬೆಳಕು ಹೊರಗೆ ಹೋಗದೆ ಪುನಃ ಒಳಕ್ಕೇ ಹೊರಳುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಸಂಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ಪಂಜಾಬದ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ಪ್ರಯೋಗವು 1954ರಲ್ಲಿ ಪ್ರಕಟವಾಯಿತು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಬೆಳಕಿನಿಂದ ದೂರದೂರಕ್ಕೆ ಸುದ್ದಿ ಕಳಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

2. ವೇಗದ ಅಳತೆ

ಜಾಹೀರಾತಿನಲ್ಲಿ ‘100 ಎಂಬಿಪಿಎಸ್’ ಎಂದಿದ್ದರೆ ಸೆಕೆಂಡಿಗೆ 100 ಮೆಗಾಬಿಟ್ ಎಂದರ್ಥ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಎಂದರೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಒಂದು ಸ್ಪಷ್ಟವಾದ ದೃಶ್ಯಪಾಠಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ನಾಲ್ವರು ಏಕಕಾಲಕ್ಕೆ ನೋಡಿದರೂ 20 ಆಯಿತು. ಸಾಮಾನ್ಯ ಕುಟುಂಬಕ್ಕೆ 30 ಅಥವಾ 40ರ ಯೋಜನೆಯೇ ಸಾಕಾಗಿರುವಾಗ 200ಕ್ಕೆ ಹಣ ತೆರುವುದು, ಒಂದು ಕೊಡ ನೀರಿಗೆ ಬಾವಿಯನ್ನೇ ಕೊಂಡಂತೆ.

‘ವರೆಗೆ’ ಎಂಬ ಶಬ್ದವನ್ನೂ ಗಮನಿಸಬೇಕು. ಮರಾಠಿ ಜಾಹೀರಾತುಗಳಲ್ಲಿ ಅದು ‘ಪರ್ಯಂತ’ ಎಂದಿರುತ್ತದೆ. ‘100ರ ವರೆಗೆ’ ಎಂದರೆ 100ಕ್ಕೆ ಮೀರದು ಎಂದಷ್ಟೇ ಅರ್ಥ, ಸದಾ 100 ಇರುವುದೆಂದಲ್ಲ. ಹೆಚ್ಚು ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಒಂದು ಎಳೆಯ ಸುಮಾರು 2,500 ಮೆಗಾಬಿಟ್‌ಗಳನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 64 ಮನೆಗಳೂ ಒಮ್ಮೆಗೇ ಪೂರ್ಣ ಬಳಸಿದರೆ ಪ್ರತಿಯೊಂದಕ್ಕೂ ಬರುವುದು ಸುಮಾರು 39. ಆದ್ದರಿಂದ ರಾತ್ರಿ ಎಂಟರಿಂದ ಹತ್ತರ ವೇಳೆಯಲ್ಲಿ ವೇಗವೆಷ್ಟೆಂದು ಅದೇ ಓಣಿಯ ನೆರೆಯವರನ್ನು ಕೇಳಿ ತಿಳಿಯುವುದೇ ಉತ್ತಮ ಪರೀಕ್ಷೆ.

3. ಹೇಳುವ ಬೆಲೆ, ತೆರುವ ಬೆಲೆ

ಉದಾಹರಣೆಗೆ ಎರಡು ಯೋಜನೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದರಲ್ಲಿ ‘ಫಕ್ತ 399’ ಎಂದು ದೊಡ್ಡ ಅಕ್ಷರದಲ್ಲಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಅಟಿ ಲಾಗೂ’ ಎಂದಿದೆ. ಎರಡನೆಯದು ತೆರಿಗೆ, ಜೋಡಣೆ ಎಲ್ಲವೂ ಕೂಡಿ ತಿಂಗಳಿಗೆ 500 ರೂಪಾಯಿ.

ಮೊದಲನೆಯದಕ್ಕೆ ಶೇಕಡಾ 18ರಂತೆ ಜಿಎಸ್‌ಟಿ 71.82 ರೂಪಾಯಿ ಸೇರಿ ತಿಂಗಳಿಗೆ 470.82 ಆಗುತ್ತದೆ, ವರ್ಷಕ್ಕೆ 5,649.84. ಜೋಡಣೆಯ ವೆಚ್ಚ 1,000, ಅದರ ಮೇಲಿನ ತೆರಿಗೆ 180. ಮೊದಲ ವರ್ಷದ ಒಟ್ಟು ವೆಚ್ಚ 6,829.84. ಎರಡನೆಯದರ ವೆಚ್ಚ 6,000 ಮಾತ್ರ. ಮೂರು ವರ್ಷ ಕೂಡಿಸಿದರೂ ಮೊದಲನೆಯದು 18,129.52, ಎರಡನೆಯದು 18,000. ನಾಲ್ಕನೆಯ ವರ್ಷದಲ್ಲಿ ಮಾತ್ರ ಮೊದಲನೆಯದು ಅಗ್ಗವಾಗುತ್ತದೆ. ಸ್ವಂತ ಮನೆಯಲ್ಲಿ ನೆಲೆಸಿದವರಿಗೆ ಒಂದು, ಬಾಡಿಗೆ ಮನೆಯಲ್ಲಿದ್ದು ಕೆಲಸದ ಸಲುವಾಗಿ ಇಚಲಕರಂಜಿಗೋ ಸಾಂಗಲಿಗೋ ಹೋಗಬೇಕಾದೀತೆನ್ನುವವರಿಗೆ ಇನ್ನೊಂದು ಯೋಗ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ಮರೆಯಲ್ಲಿರುವ ವೆಚ್ಚಗಳು

ಹಣ ಕೊಡುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅ) ವೈಫೈ ಪೆಟ್ಟಿಗೆಯು ಸ್ವಂತದ್ದೋ, ಬಾಡಿಗೆಯದೋ? ಕೆಟ್ಟರೆ ರಿಪೇರಿಯ ಖರ್ಚು ಯಾರದು?
ಆ) ಠೇವಣಿ ಎಷ್ಟು? ಅದು ಮರಳಿ ಬರುವುದೇ? ಎಷ್ಟು ದಿನಗಳಲ್ಲಿ?
ಇ) ಈ ದರವು ಎಷ್ಟು ತಿಂಗಳಿಗೆ? ಆಮೇಲಿನ ದರವೆಷ್ಟು?
ಈ) ಆರು ತಿಂಗಳ ಹಣ ಮುಂಗಡ ಕಟ್ಟಿದವನು ನಡುವೆ ಬಿಟ್ಟರೆ ಉಳಿದ ಹಣ ದೊರೆಯುವುದೇ?
ಉ) ಮನೆ ಬದಲಿಸಿದರೆ ತಂತಿಯನ್ನು ಸ್ಥಳಾಂತರಿಸಲು ಎಷ್ಟು?
ಊ) ‘ಅಮಿತ’ ಎಂಬುದಕ್ಕೆ ಮಿತಿಯೆಷ್ಟು? ಅನೇಕ ಯೋಜನೆಗಳಲ್ಲಿ ತಿಂಗಳಿಗೆ 3,300 ಜಿಬಿ ಮುಗಿದ ಮೇಲೆ ವೇಗ ಇಳಿಯುತ್ತದೆ. ಇದು ಒಂದು ಮನೆಗೆ ಧಾರಾಳ. ಆದರೆ ಅಗ್ಗದ ಯೋಜನೆಗಳಲ್ಲಿ ಮಿತಿ ಬಹಳ ಕಡಿಮೆಯಿರಬಹುದು.
ಋ) ಚಲನಚಿತ್ರ ನೋಡುವ ಸೌಲಭ್ಯವನ್ನು ‘ಉಚಿತ’ವೆಂದು ಸೇರಿಸಿದ್ದರೆ, ಅದಿಲ್ಲದ ಯೋಜನೆಯ ದರವೆಷ್ಟು?

5. ನಮ್ಮ ಸೀಮೆಯ ವಿಶೇಷ

ಹಳೆಯ ಟೆಲಿಫೋನಿನ ತಾಮ್ರದ ತಂತಿಯಲ್ಲಿ ವಿದ್ಯುತ್ತು ಕಚೇರಿಯಿಂದಲೇ ಬರುತ್ತಿತ್ತು. ಗಾಜಿನಲ್ಲಿ ವಿದ್ಯುತ್ತು ಹರಿಯದು; ಆದ್ದರಿಂದ ಮನೆಯ ಕರೆಂಟು ಹೋದರೆ ಅಂತರ್ಜಾಲವೂ ನಿಲ್ಲುತ್ತದೆ. ಪೆಟ್ಟಿಗೆಗಾಗಿ ಸಣ್ಣ ಬ್ಯಾಟರಿ ಬೇಕಾದರೆ ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳ ಮಹಾಪೂರಗಳನ್ನು ಕಂಡ ಶಿರೋಳ ತಾಲೂಕಿನವರಿಗೆ ಇನ್ನೊಂದು ಮಾತು: ಕೃಷ್ಣಾ, ಪಂಚಗಂಗಾ ತೀರದ ಹಳ್ಳಿಗಳಲ್ಲಿ ಪೆಟ್ಟಿಗೆಯನ್ನು ಗೋಡೆಯ ಮೇಲ್ಭಾಗದಲ್ಲಿ ಕೂಡಿಸಿರಿ; ಮಳೆಗಾಲದಲ್ಲಿ ತಂತಿ ತುಂಡಾದರೆ ಸರಿಪಡಿಸುವವನು ಊರಿನಲ್ಲಿಯೇ ಇರುವನೋ, ದೂರದಿಂದ ಬರಬೇಕೋ ಎಂಬುದನ್ನು ಮೊದಲೇ ವಿಚಾರಿಸಿರಿ. ದರದಲ್ಲಿ ಐವತ್ತು ರೂಪಾಯಿ ಹೆಚ್ಚಾದರೂ ಮರುದಿನವೇ ಬಂದು ದುರಸ್ತಿ ಮಾಡುವವನು ಅಗ್ಗವೇ ಸರಿ.

6. ತಕರಾರಿನ ಮಾರ್ಗ

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳಂತೆ ಮೊದಲು ಕಂಪನಿಯ ತಕರಾರು ಕೇಂದ್ರಕ್ಕೆ ತಿಳಿಸಿ, ತಕರಾರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಪರಿಹಾರ ದೊರೆಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಸಂಪರ್ಕದ ಗ್ರಾಹಕನು ಗ್ರಾಹಕ ಆಯೋಗಕ್ಕೂ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿದೆ. ಆದರೆ ಪಾವತಿಯಿಲ್ಲದವನ ತಕರಾರಿಗೆ ಬಲವಿಲ್ಲ. ಪ್ರತಿಯೊಂದು ರೂಪಾಯಿಗೂ ಪಾವತಿ ಪಡೆಯಿರಿ.

ಕರಾರುಪತ್ರವು ಬಹುಶಃ ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೆ ಮರಾಠಿಯಲ್ಲಿ. ನಮ್ಮ ಅನೇಕ ಪಾಲಕರಿಗೆ ಎರಡೂ ತೊಡಕಿನವು. ವಿದ್ಯಾರ್ಥಿಗಳೇ, ನೀವು ಶಾಲೆಯಲ್ಲಿ ಮೂರು ಭಾಷೆ ಕಲಿಯುತ್ತೀರಿ. ತಂದೆತಾಯಿಗಳು ಸಹಿ ಮಾಡುವ ಮೊದಲು ಆ ಪತ್ರವನ್ನು ಸಾಲುಸಾಲಾಗಿ ಓದಿ ಕನ್ನಡದಲ್ಲಿ ತಿಳಿಸಿಕೊಡಿರಿ. ತಿಳಿಯದ ಸಾಲಿಗೆ ಗುರುತು ಹಾಕಿ ಶಾಲೆಗೆ ತನ್ನಿರಿ. ನಾವು ಕೂಡಿ ಓದೋಣ.

ಅಭ್ಯಾಸ

1. ತಿಂಗಳಿಗೆ 499 ರೂಪಾಯಿ, ಅದರ ಮೇಲೆ ಶೇಕಡಾ 18 ತೆರಿಗೆ. ವರ್ಷದ ವೆಚ್ಚವೆಷ್ಟು?
2. 40 ಎಂಬಿಪಿಎಸ್ ವೇಗದಲ್ಲಿ 60 ಮೆಗಾಬೈಟಿನ ಪುಸ್ತಕವನ್ನು ಇಳಿಸಿಕೊಳ್ಳಲು ಎಷ್ಟು ಸೆಕೆಂಡು ಬೇಕು?
3. ನಿಮ್ಮ ಮನೆಯ ಅಥವಾ ನೆರೆಮನೆಯ ಒಂದು ಬಿಲ್ಲನ್ನು ಓದಿ, ಅದರಲ್ಲಿರುವ ಪ್ರತಿಯೊಂದು ಬಾಬನ್ನೂ ಕನ್ನಡದಲ್ಲಿ ಬರೆಯಿರಿ.