ಎಂಜಿನ್ ಬೆನ್ನಿಗಂಟಿದ ಎರಡು ಸೆನ್ಸರ್‌ಗಳು

ಓಡುತ್ತಿದ್ದ ಕಾರು ಎಂಜಿನ್ ಚೆನ್ನಾಗಿ ಕಾದ ಮೇಲೆ ತಟ್ಟನೆ ನಿಲ್ಲುತ್ತದೆ. ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಹಳೆಯ ಪೋರ್ಷೆ 944 ಇಟ್ಟುಕೊಂಡವರಲ್ಲಿ ಅನೇಕರಿಗೆ ಈ ಕಾಯಿಲೆಯ ಪರಿಚಯವಿದೆ. ಮೊದಲು ಪೆಟ್ರೋಲ್ ಪಂಪಿನ ಮೇಲೆ ಅನುಮಾನ ಬರುತ್ತದೆ, ಆಮೇಲೆ ಇಗ್ನಿಷನ್ ಕಾಯಿಲ್, ಪ್ಲಗ್‌ಗಳು. ಒಂದೊಂದಾಗಿ ಎಲ್ಲವೂ ಹೊಸದಾಗುತ್ತವೆ, ಕಾರು ಮಾತ್ರ ನಿಲ್ಲುವುದನ್ನು ಬಿಡುವುದಿಲ್ಲ.

ಜರ್ಮನಿಯಲ್ಲಿ 1991ರವರೆಗೆ ತಯಾರಾದ ಈ ಕಾರುಗಳಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಬಂತು. ನನ್ನ ಗ್ಯಾರೇಜಿನಲ್ಲಿರುವುದೂ ಅಂಥದ್ದೇ ಒಂದು. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಹಾಗಾಗಿ ಭಾರ ಎರಡೂ ಆಕ್ಸಲ್‌ಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ತಿರುವುಗಳಲ್ಲಿ ಇದನ್ನು ಓಡಿಸಿದವರು ಸುಲಭವಾಗಿ ಮಾರಲಾರರು. ಆದರೆ 2.5 ಲೀಟರಿನ ಆ ನಾಲ್ಕು ಸಿಲಿಂಡರ್ ಎಂಜಿನ್ ಕ್ಯಾಬಿನ್ನಿನ ಗೋಡೆಗೆ ಒತ್ತಿಕೊಂಡು ಕೂತಿದೆ. ಕಾಯಿಲೆಯ ಮೂಲವೂ ಅಲ್ಲೇ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ನೆತ್ತಿಯ ಮೇಲೆ, ಒಂದೇ ಬ್ರ್ಯಾಕೆಟ್ಟಿನಲ್ಲಿ ಅಕ್ಕಪಕ್ಕ ನಿಂತ ಎರಡು ಸೆನ್ಸರ್‌ಗಳಲ್ಲಿ.

ಒಂದು ಫ್ಲೈವೀಲಿನ ಅಂಚಿನ 132 ಹಲ್ಲುಗಳನ್ನು ಎಣಿಸಿ ವೇಗ ಹೇಳುತ್ತದೆ. ಇನ್ನೊಂದು ಸುತ್ತಿಗೊಮ್ಮೆ ಹಾದುಹೋಗುವ ಒಂದೇ ಗುರುತನ್ನು ಹಿಡಿದು, ಕ್ರ್ಯಾಂಕ್‌ಶಾಫ್ಟ್ ಈಗ ಎಲ್ಲಿದೆ ಎಂದು ತಿಳಿಸುತ್ತದೆ. ಇವೆರಡರಲ್ಲಿ ಒಂದು ಸಿಗ್ನಲ್ ಬಾರದಿದ್ದರೂ ಎಂಜಿನ್ ನಡೆಸುವ ಬಾಷ್ ಕಂಪ್ಯೂಟರ್ ಅದನ್ನು ಸ್ಟಾರ್ಟ್ ಆಗಲು ಬಿಡುವುದಿಲ್ಲ. ಸೆನ್ಸರಿನ ಒಳಗಿರುವುದು ತಾಮ್ರದ ತಂತಿಯ ಸುರುಳಿ. ವರ್ಷಗಟ್ಟಲೆ ಕಾವು ತಿಂದ ಸುರುಳಿ ತಣ್ಣಗಿದ್ದಾಗ ಸರಿಯಾಗಿದ್ದು, ಬಿಸಿಯಾದಾಗ ಕೈಕೊಡುತ್ತದೆ.

ಈ ಸೆನ್ಸರ್‌ಗಳನ್ನು ಬದಲಿಸುವ ಕೆಲಸದಿಂದ ನಾನು ಕಲಿತ ಮೊದಲ ಪಾಠ, ಸ್ಪ್ಯಾನರ್‌ಗೆ ಮುಂಚೆ ಮೀಟರ್ ಕೈಗೆತ್ತಿಕೊಳ್ಳಬೇಕು ಎಂಬುದು. ಸ್ಟಾರ್ಟರ್ ತಿರುಗುವಾಗ ಆರ್‌ಪಿಎಂ ಮುಳ್ಳನ್ನು ನೋಡಬೇಕು. ಅದು ಕೊಂಚವೂ ಅಲುಗದಿದ್ದರೆ ಅನುಮಾನ ಈ ಸೆನ್ಸರ್‌ಗಳ ಮೇಲೆ, ಇಲ್ಲವೇ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡುವ ರಿಲೇ ಮೇಲೆ. ರಿಲೇ ಬದಲಿಸುವುದು ಸುಲಭ, ಹಾಗಾಗಿ ಮೊದಲು ಅದನ್ನೇ ಪರೀಕ್ಷಿಸಬೇಕು. ಆಮೇಲೆ ಸೆನ್ಸರಿನ ಒಂದನೇ ಮತ್ತು ಎರಡನೇ ಪಿನ್ನುಗಳ ನಡುವೆ ಅಳೆದರೆ 600ರಿಂದ 1600 ಓಮ್ ಬರಬೇಕು. ಮೂರನೇ ಪಿನ್ನಿಗೂ ಇವೆರಡಕ್ಕೂ ನಡುವೆ ಒಂದು ಲಕ್ಷ ಓಮ್‌ಗಿಂತ ಹೆಚ್ಚಿರಬೇಕು. ತಣ್ಣಗಿದ್ದಾಗ ಬಂದ ಅಂಕಿಯನ್ನು ನಂಬಿ ಕೂರಬಾರದು. ಕಾರು ನಿಂತ ಕೂಡಲೇ, ಕಾವು ಆರುವ ಮುನ್ನ, ಇನ್ನೊಮ್ಮೆ ಅಳೆಯಬೇಕು.

ಇನ್ನು ಬಿಚ್ಚುವ ಕೆಲಸ. ತಾಳ್ಮೆ ಬೇಕಿರುವುದು ಬೋಲ್ಟಿಗಿಂತ ಮೊದಲು ಕನೆಕ್ಟರಿಗೆ. ಮೂವತ್ತು ವರ್ಷ ಬೆಂದ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ. ಅದನ್ನು ಹಿಡಿದಿರುವ ತಂತಿಯ ಕ್ಲಿಪ್ಪನ್ನು ಸಣ್ಣ ಕೊಕ್ಕೆಯಿಂದ ಒಂದು ಬದಿಯಲ್ಲಿ ಎತ್ತಿ, ಇನ್ನೊಂದು ಕೈಯ ಬೆರಳನ್ನು ಅದರ ಮೇಲೇ ಒತ್ತಿ ಹಿಡಿಯಬೇಕು. ಬೆರಳು ತೆಗೆದರೆ ಕ್ಲಿಪ್ ಚಿಮ್ಮಿ ಎಂಜಿನ್ನಿನ ಸಂದಿಯಲ್ಲಿ ಎಲ್ಲೋ ಮಾಯವಾಗುತ್ತದೆ. ಎರಡು ಸೆನ್ಸರ್‌ಗಳೂ ಒಂದೇ ಥರ, ಕನೆಕ್ಟರ್‌ಗಳೂ ಒಂದೇ ಥರ. ಅದಲುಬದಲಾದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ವೇಗದ್ದಕ್ಕೆ ಡಿಜಿ, ಗುರುತಿನದಕ್ಕೆ ಬಿಜಿ ಎಂಬ ಕಂಪನಿಯ ಗುರುತು ಎಣ್ಣೆ ಕೊಳೆಯಲ್ಲಿ ಕಾಣದಿದ್ದರೆ, ಬಿಚ್ಚುವ ಮುನ್ನವೇ ಬಣ್ಣದ ಟೇಪ್ ಸುತ್ತಿಬಿಡಬೇಕು.

ಬೋಲ್ಟ್ ಇರುವ ಜಾಗ ಕಣ್ಣಿಗೆ ಬೀಳುವುದಿಲ್ಲ. ಉದ್ದದ ಎಕ್ಸ್‌ಟೆನ್ಷನ್ನಿಗೆ ಅಲೆನ್ ಸಾಕೆಟ್ ಹಾಕಿ, ಜಾರಿ ಬೀಳದಂತೆ ಟೇಪ್ ಸುತ್ತಿ, ಬೆರಳಿನಿಂದ ಬೋಲ್ಟಿನ ತಲೆಯ ಗುಂಡಿ ಹುಡುಕಿ ಕೂರಿಸಬೇಕು. ಗುಂಡಿಯಲ್ಲಿ ಕೊಳೆ ತುಂಬಿದ್ದರೆ ಸಾಕೆಟ್ ಪೂರ್ತಿ ಇಳಿಯುವುದಿಲ್ಲ. ಆಗ ಬಲ ಹಾಕಿದರೆ ಬೋಲ್ಟಿನ ತಲೆಯೇ ಸವೆದುಹೋಗುತ್ತದೆ, ಹಾಗಾಗಿ ಮೊದಲು ಅದನ್ನು ಕೆರೆದು ಚೊಕ್ಕ ಮಾಡಬೇಕು. ಬೋಲ್ಟ್ ಬಂದರೂ ಸೆನ್ಸರ್ ಬ್ರ್ಯಾಕೆಟ್ಟಿಗೆ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಮರುದಿನ ಆಚೆ ಈಚೆ ತಿರುಗಿಸುತ್ತಾ ಎಳೆಯುವುದೇ ಸರಿಯಾದ ದಾರಿ.

ಬ್ರ್ಯಾಕೆಟ್ ಅಲುಗದೆ ಸೆನ್ಸರ್ ಮಾತ್ರ ಹೊರಬಂದರೆ ಅರ್ಧ ಕಷ್ಟ ಕಳೆದಂತೆ. ಬ್ರ್ಯಾಕೆಟ್ ಸಡಿಲಿಸಿದರೆ ಸೆನ್ಸರ್ ತುದಿಗೂ ಫ್ಲೈವೀಲಿಗೂ ನಡುವಿನ ಅಂತರವನ್ನು ಮತ್ತೆ 0.8 ಮಿಲಿಮೀಟರಿಗೆ ತರಬೇಕು. ಕಣ್ಣಿಗೆ ಕಾಣದ, ಗೇಜ್ ತೂರದ ಜಾಗವದು. ಹಳಬರ ಉಪಾಯ ನನಗೆ ತುಂಬಾ ಮೆಚ್ಚುಗೆ: ಅಷ್ಟೇ ದಪ್ಪದ ವಾಷರನ್ನು ಹಳೆಯ ಸೆನ್ಸರಿನ ತುದಿಗೆ ಅಂಟಿಸಿ, ವೇಗದ ಸೆನ್ಸರಿನ ಜಾಗದಲ್ಲಿಟ್ಟು, ವಾಷರ್ ಹಲ್ಲಿಗೆ ತಾಗುವವರೆಗೆ ಬ್ರ್ಯಾಕೆಟ್ ಇಳಿಸಿ ಬಿಗಿ ಮಾಡುವುದು. ಆಮೇಲೆ ಅದನ್ನು ತೆಗೆದು ಹೊಸದನ್ನು ಹಾಕಿದರೆ ಅಂತರ ತಾನಾಗಿ ಬರುತ್ತದೆ. ಅಂಟಿನ ದಪ್ಪವನ್ನೂ ಸೇರಿಸಿ ಅಳೆದುಕೊಳ್ಳುವುದು ಮರೆಯಬಾರದು.

ಎರಡೂ ಸೆನ್ಸರ್‌ಗಳು ಒಂದೇ ವಯಸ್ಸಿನವು, ಒಂದೇ ಕಾವಿನಲ್ಲಿ ಬೆಂದವು. ಹಾಗಾಗಿ ಒಂದನ್ನೇ ಬದಲಿಸುವುದರಲ್ಲಿ ಅರ್ಥವಿಲ್ಲ.

944 ಇರುವವರಿಗೆ ಒಂದು ಕೋರಿಕೆ. ಈ ಕಾರಿನಲ್ಲಿ ಕ್ಲಚ್ ಬದಲಿಸಲು ಬೆಲ್ ಹೌಸಿಂಗ್ ಹೊರಗೆ ಬರಲೇಬೇಕು, ಅದಕ್ಕಾಗಿ ಸೆನ್ಸರ್‌ಗಳನ್ನೂ ಬಿಚ್ಚಲೇಬೇಕು. ಕ್ಲಚ್ ಕೆಲಸಕ್ಕೆ ಗಾಡಿ ಕೊಡುವಾಗಲೇ ಎರಡು ಹೊಸ ಸೆನ್ಸರ್‌ಗಳನ್ನು ಮೆಕ್ಯಾನಿಕ್ ಕೈಗಿಡಿ, ಅಂತರ ಅಳೆದು ಕೂರಿಸಲು ಹೇಳಿ.