ಹಸುವಿನ ಹೊಟ್ಟೆಯೊಳಗಿನ ಜೀವಲೋಕ



ಭೂಮಿಯ ಬಹುತೇಕ ಜೀವಿಗಳಿಗೆ ಶಕ್ತಿಯ ಮೂಲ ಸೂರ್ಯ. ಹಸಿರು ಸಸ್ಯಗಳು ಬಿಸಿಲು, ನೀರು ಹಾಗೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬಳಸಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆದ್ದರಿಂದ ಅವು ಉತ್ಪಾದಕರು. ಅವುಗಳನ್ನು ತಿನ್ನುವ ಹಸುವೂ, ಹಾಲು ಕುಡಿಯುವ ನಾವೂ ಭಕ್ಷಕರು. ಸಗಣಿಯನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳು ವಿಘಟಕರು. ಹಾಲು ಉತ್ಪಾದಕರೆಂಬ ಹೆಸರು ನಮಗಿದ್ದರೂ ಪರಿಸರ ವಿಜ್ಞಾನದ ಲೆಕ್ಕದಲ್ಲಿ ನಿಜವಾದ ಉತ್ಪಾದಕ ಬದುವಿನ ಹುಲ್ಲೇ!

ರಾಗಿ ಹುಲ್ಲಿನ ಶಕ್ತಿ ಹೆಚ್ಚಾಗಿ ನಾರಿನಲ್ಲಿ ಅಡಗಿದೆ. ವಿಚಿತ್ರವೆಂದರೆ, ಈ ನಾರನ್ನು ಒಡೆಯುವ ಕಿಣ್ವವನ್ನು ಹಸುವಿನ ದೇಹ ತಯಾರಿಸುವುದಿಲ್ಲ. ಆ ಕೆಲಸ ಮಾಡುವುದು ಅದರ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳು. ದೊಡ್ಡ ಹಸುವಿನ ರೂಮೆನ್ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದರ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಜೊತೆಗೆ ಪ್ರೋಟೋಜೋವಾ, ಶಿಲೀಂಧ್ರಗಳೂ ಇರುತ್ತವೆ. ಗಾಳಿಯಿಲ್ಲದ ಈ ಬೆಚ್ಚನೆಯ ಜಾಗದಲ್ಲಿ ಅವು ನಾರನ್ನು ಹುಳಿಯಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಬಿಡುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಸುಮಾರು ಶೇ. 70 ಭಾಗ ಈ ಆಮ್ಲಗಳಿಂದಲೇ ಬರುತ್ತದೆ. ಹಾಲಿನ ಜಿಡ್ಡಿಗೆ ಅಸಿಟಿಕ್ ಆಮ್ಲ ಮುಖ್ಯ. ಒಣಮೇವು ಕಡಿಮೆಯಾದರೆ ಫ್ಯಾಟ್ ಇಳಿಯುವುದು ಇದಕ್ಕಾಗಿಯೇ. ಕೊನೆಗೆ ಈ ಸೂಕ್ಷ್ಮಜೀವಿಗಳೂ ಮುಂದಿನ ಹೊಟ್ಟೆಗೆ ಜಾರಿ, ಜೀರ್ಣವಾಗಿ ಹಸುವಿಗೆ ಪ್ರೋಟೀನ್ ಒದಗಿಸುತ್ತವೆ.

ತಿಂದ ಶಕ್ತಿಯೆಲ್ಲ ಹಾಲಾಗುವುದಿಲ್ಲ. ಬಹಳಷ್ಟು ಸಗಣಿಯಲ್ಲಿ ಮತ್ತು ಶಾಖವಾಗಿ, ಸ್ವಲ್ಪ ತೇಗಿನ ಮೀಥೇನ್ ಅನಿಲದಲ್ಲಿ ಹೋಗುತ್ತದೆ. ಉಳಿದದ್ದು ಮೊದಲು ದೇಹಪೋಷಣೆಗೆ, ಆಮೇಲೆ ಹಾಲಿಗೆ. ಅರೆಹೊಟ್ಟೆ ಮೇವು ಹಾಕಿ ನಾಲ್ಕು ಹಸು ಕಟ್ಟುವುದಕ್ಕಿಂತ ಹೊಟ್ಟೆ ತುಂಬಾ ಹಾಕಿ ಎರಡು ಕಟ್ಟುವುದು ಲೇಸು.

ಇನ್ನು ಮುಖ್ಯ ವಿಷಯ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನೋ, ರಾಗಿ, ಅಕ್ಕಿ ಹಿಟ್ಟನ್ನೋ ಒಮ್ಮೆಲೇ ಹಸುವಿನ ಮುಂದೆ ಸುರಿಯುವವರಿದ್ದಾರೆ. ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳು ಆಗ ಮಿತಿಮೀರಿ ಹೆಚ್ಚಿ, ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು, ನಾರು ಕರಗಿಸುವ ಜೀವಿಗಳು ಸಾಯುತ್ತವೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿಯಾಗುತ್ತದೆ, ನೆಲ ಹಿಡಿಯುತ್ತದೆ. ಒಂದೆರಡು ದಿನದಲ್ಲಿ ಸಾಯಲೂಬಹುದು. ಇಂಥ ಲಕ್ಷಣ ಕಂಡ ಕೂಡಲೇ ಪಶುವೈದ್ಯರನ್ನು ಕರೆಸಿರಿ, ಬೆಳಗಾಗಲೆಂದು ಕಾಯಬೇಡಿರಿ.

ಹೊಸ ಪಶು ಆಹಾರವಿರಲಿ, ಮಳೆಗಾಲದ ಎಳೆ ಹುಲ್ಲಿರಲಿ, ಹಳೆಯ ಮೇವಿನೊಡನೆ ಬೆರೆಸಿ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ 10–15 ದಿನಗಳಲ್ಲಿ ಬದಲಾಯಿಸಿರಿ. ಒಳಗಿನ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು.